ಬೇಚರಾಕ್

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಆಯಿ ಮಾಳಿಗೆ ಹತ್ತುತ್ತಿದ್ದಳು. ಗಾಳಿಗೆ ಎಂದು ಹೇಳುತ್ತಿದ್ದಳು; ಹತ್ತುತ್ತಿದ್ದದ್ದು ದೀಪ ಎಣಿಸಲು. ನಿಡೋಣಿ ಊರಿನಿಂದ ಅರ್ಧ ಹರದಾರಿ ದೂರದಲ್ಲಿ ನಮ್ಮ ತೋಟದ ವಸ್ತಿ. ಮಾಳಿಗೆಯ ಮೇಲೆ ನಿಂತರೆ ಮಡ್ಡಿಯ ಆಚೀಚೆ ಚದುರಿದ ವಸ್ತಿಗಳ ದೀಪ ಒಂದೊಂದೇ ಹೊತ್ತಿಕೊಳ್ಳುವುದು ಕಾಣುತ್ತಿತ್ತು. ಒಂದು ಕಡಿಮೆಯಾದರೂ ಆಕೆಗೆ ಊಟ ಸೇರುತ್ತಿರಲಿಲ್ಲ. "ತಮ್ಮಾ, ಆಚಿ ವಸ್ತ್ಯಾಗ ಇವತ್ತ ದೀಪ ಹತ್ತಿಲ್ಲ ನೋಡು. ಮುಂಜಾನೆದ್ದು ಎರಡ ರೊಟ್ಟಿ ಕಟಗೊಂಡ ಹೋಗಿ ಬಾ." ಹೋದರೆ ಅಲ್ಲಿ ಯಾರಿಗೂ ಏನೂ ಆಗಿರುತ್ತಿರಲಿಲ್ಲ, ಬಲ್ಬು ಸುಟ್ಟಿರುತ್ತಿತ್ತು. ರೊಟ್ಟಿ ಮಾತ್ರ ಅವರು ವಾಪಸು ಕೊಡುತ್ತಿರಲಿಲ್ಲ.

ವಸ್ತಿ ಎಂದರೆ ಊರಲ್ಲ. ಊರಿಗೆ ಅಗಸಿ ಬೇಕು, ಹಣಮಪ್ಪನ ಗುಡಿ ಬೇಕು, ಕೆಲಸವಿಲ್ಲದವರು ಕೂತು ಕೆಲಸವಿದ್ದವರನ್ನು ಆಡಿಕೊಳ್ಳಲು ಒಂದು ಕಟ್ಟೆ ಬೇಕು. ವಸ್ತಿಗೆ ಒಂದು ಬೋರು, ಒಂದು ಬೇವಿನ ಗಿಡ, ಊರೊಳಗಿನ ಮನೆಯಲ್ಲಿ ಜಾಗ ಸಾಲದ ಮೂವರು ಅಣ್ಣತಮ್ಮಂದಿರು, ಇಷ್ಟಿದ್ದರೆ ಸಾಕು. ಬಬಲೇಶ್ವರ, ತಿಕೋಟಾ ಕಡೆ ತಿರುಗಿದರೆ ಇಂಥವು ಲೆಕ್ಕವಿಲ್ಲದಷ್ಟು ಸಿಗುತ್ತವೆ.

ಮುತ್ಯಾನ ಕಾಲದಲ್ಲಿ ಹೊಲದಲ್ಲಿ ಮನೆ ಮಾಡುವ ಮಾತೇ ಇರಲಿಲ್ಲ. ಹೊಲಕ್ಕೆ ಹೋಗುವುದು ದುಡಿಯಲು, ರಾತ್ರಿ ಊರಿಗೆ ಮರಳಬೇಕು. ಜೋಳ ಇರುವುದು ಊರಿನ ಹಗೇವಿನಲ್ಲಿ, ಧೈರ್ಯವೂ ಅಲ್ಲೇ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎನ್ನುವ ಡೋಣಿ ಹೊಳೆಯ ನಾಡೇನೋ ಹೌದು. ಆದರೆ ಆ 'ರೆ' ಎಂಬ ಒಂದಕ್ಷರದಲ್ಲಿ ಎಷ್ಟು ಬರಗಳು ಅಡಗಿವೆ! 1876–78ರ ಬರಕ್ಕೆ ಮೊದಲು, 1872ರ ಗಣತಿಯಲ್ಲಿ, ಅವಿಭಜಿತ ವಿಜಯಪುರ ಜಿಲ್ಲೆಯ ಜನಸಂಖ್ಯೆ 8 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ 6.5 ಲಕ್ಷವೂ ಸಿಗಲಿಲ್ಲ. ಅಷ್ಟು ಹಿಂದಿನದೇಕೆ, 1972ರ ಬರಗಾಲದಲ್ಲಿ ಮುತ್ಯಾ ತಾನೇ ಕಾಮಗಾರಿಗೆ ಹೋಗಿ ಕಲ್ಲು ಒಡೆದವನು. ಅಂಗೈ ತೋರಿಸಿ, "ಇದು ಹಣೀಬರಾ ಅಲ್ಲೋ, ಸುತ್ತಿಗಿ ಬರಾ" ಅನ್ನುತ್ತಿದ್ದ.

ಅಂಥವನು ಎಂಬತ್ತರ ದಶಕದಲ್ಲಿ ಬೋರು ಕೊರೆಸಿದ. ನೀರು ಚಿಮ್ಮಿದ ದಿನ ಯಂತ್ರದವರಿಗೆ ಶೇಂಗಾ ಹೋಳಿಗೆ ಊಟ. ಮುಂದೆ ಬಾಗಿಲು, ಕಿಟಕಿ, ಬೀಸುಕಲ್ಲು, ಎಮ್ಮೆ ಎಲ್ಲ ಒಂದೊಂದಾಗಿ ಚಕ್ಕಡಿಯಲ್ಲಿ ಹೊಲ ಸೇರಿದವು. ಕೊನೆಗೆ ಆಯಿ. ಆಕೆ ಬಂದ ಮೇಲೆಯೇ ಅದು ವಸ್ತಿಯಾದದ್ದು ಎಂದು ನನ್ನ ಲೆಕ್ಕ.

ಆಮೇಲೆ ದ್ರಾಕ್ಷಿ ಬಂತು. ಕಲ್ಲಿನ ಮಡ್ಡಿಯಲ್ಲಿ, ಜೋಳವೂ ನಾಚಿಕೊಂಡು ಬೆಳೆಯುವ ನೆಲದಲ್ಲಿ, ತಂತಿಯ ಮೇಲೆ ಹಸಿರು ಹಂದರ! ಬೇಸಿಗೆ ಹತ್ತಿರವಾದಂತೆ ವಸ್ತಿಯೆಲ್ಲ ಮಣೂಕದ ವಾಸನೆ. ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡುತ್ತಿದ್ದರು. ಹದಿನೈದು ದಿನ ಒಣಗಾಳಿ ಸಿಕ್ಕರೆ ಹಸಿರು ಹೊಂಬಣ್ಣಕ್ಕೆ ತಿರುಗಿ, ಮಾಲು ತಾಸಗಾಂವದ ಪೇಟೆಗೆ ಹೊರಡುತ್ತಿತ್ತು. ನಾವು ಹುಡುಗರು ಕಾವಲಿಗೆ. ಕಾವಲು ಕಾಯುವವರ ಕಿಸೆಯನ್ನು ಕಾಯುವವರು ಇರಲಿಲ್ಲ. ಇಂದಿಗೂ ಪೊಟ್ಟಣದ ಮಣೂಕ ನನಗೆ ರುಚಿಸುವುದಿಲ್ಲ. ಅರ್ಧ ಒಣಗಿ, ಒಳಗೆ ಇನ್ನೂ ರಸ ಉಳಿದಿರುವ ಏಳನೆಯ ದಿನದ ಕದ್ದ ಕಾಳೇ ಕಾಳು.

ಎಳ್ಳಮಾಸಿಗೆ ಊರೇ ನಮ್ಮಲ್ಲಿಗೆ ಬರುತ್ತಿತ್ತು. ಚರಗ ಚೆಲ್ಲಿ, ಬೇವಿನ ಬುಡದಲ್ಲಿ ಕೂತರೆ ಸಜ್ಜಿ ಕಡಬು, ಖಟಿ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳ ಹಿಂಡಿ, ಗಟ್ಟಿ ಮೊಸರು. ಮಕ್ಕಳು ಹೆಚ್ಚಾದಂತೆ ಒಂದು ಕೋಣೆಯ ಶಾಲೆಯೂ ಬಂತು. ಅದರ ಫಲಕದ ಮೇಲೆ ನಮ್ಮ ಮನೆತನದ ಹೆಸರಿನ ಮುಂದೆ 'ತೋಟದ ವಸ್ತಿ' ಎಂದು ಬಣ್ಣದಲ್ಲಿ ಬರೆಸಿದಾಗ ಮುತ್ಯಾ ಎರಡು ಸಲ ಓದಿಸಿ ಕೇಳಿದ.

ಇಳಿತವನ್ನು ಹೇಳಲು ಇಷ್ಟು ಹೊತ್ತು ಬೇಕಿಲ್ಲ. ಬೋರು ಬತ್ತಿತು, ಇನ್ನೊಂದು ಕೊರೆಸಿದರು, ಅದಕ್ಕಿಂತ ಆಳಕ್ಕೆ ಮತ್ತೊಂದು. ಟ್ಯಾಂಕರಿನ ನೀರಿಗೆ ಬಳ್ಳಿ ಬದುಕಿತು, ಕಾಕಾ ಸಾಲದಲ್ಲಿ ಮುಳುಗಿದ. ಮಕ್ಕಳ ಇಂಗ್ಲಿಷ್ ಶಾಲೆಗಾಗಿ ಸೊಸೆಯಂದಿರು ವಿಜಯಪುರದಲ್ಲಿ ಬಾಡಿಗೆ ಮನೆ ಹಿಡಿದರು. ವಸ್ತಿ ಒಡೆದದ್ದು ಸೊಸೆಯಂದಿರಿಂದ ಎನ್ನುವ ಮಾತು ನಮ್ಮ ಕಡೆ ಬಹಳ. ನಾನು ಒಪ್ಪುವುದಿಲ್ಲ. ಕರೆಂಟು ಬಂದಾಗ ನಡುರಾತ್ರಿ ಎದ್ದು ಕೊಡ ತುಂಬಿದವರು ಅವರು. ಹೊಟ್ಟೆನೋವು ಬಂದರೆ ಡಾಕ್ಟರು ಸಿಗಲು ಬೆಳಗಿನ ತನಕ ಕಾದವರೂ ಅವರೇ. ಶಾಲೆಗೆ ಮಕ್ಕಳಿಲ್ಲದಾದರು, ಬೀಗ ಬಿತ್ತು. ಫಲಕದ ಬಣ್ಣದಲ್ಲಿ ಈಗ 'ವಸ್ತಿ' ಉಳಿದಿದೆ, ನಮ್ಮ ಹೆಸರು ಉದುರಿದೆ.

ಜನ ಹೋದ ಮೇಲೆ ನೀರು ಬಂತು. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆ ಈ ಎತ್ತರದ ಸೀಮೆಗೂ ಏರಿದಳು. ಕೆರೆಗಳು ತುಂಬಿದವು, ಸತ್ತ ಬೋರುಗಳಲ್ಲೂ ನೀರಾಡಿತು. ಬಬಲೇಶ್ವರ ತಾಲ್ಲೂಕು ಕೇಂದ್ರವಾಯಿತು. ಕಚೇರಿ ಹತ್ತಿರ ಬಂತು, ಅರ್ಜಿ ಹಿಡಿದು ಹೋಗಬೇಕಾದವರು ದೂರ ಹೋಗಿದ್ದರು.

ಕಂದಾಯದವರ ಬಳಿ ಒಂದು ಶಬ್ದವಿದೆ: ಬೇಚರಾಕ್. ಜನವಸತಿ ಇಲ್ಲದ ಗ್ರಾಮಕ್ಕೆ ದಾಖಲೆಯಲ್ಲಿ ಹಾಗೆ ಬರೆಯುತ್ತಾರೆ. ಪಾರಸಿಯ 'ಬೇ–ಚಿರಾಗ್', ದೀಪವಿಲ್ಲದ್ದು. ಯಾವ ಗುಮಾಸ್ತ ಮೊದಲು ಬರೆದನೋ, ಅವನ ಮನೆಯಲ್ಲೂ ನಮ್ಮ ಆಯಿಯಂಥವಳೊಬ್ಬಳು ಇದ್ದಿರಬೇಕು. ಆದರೆ ವಸ್ತಿಗೆ ಆ ಪದವಿಯೂ ಸಿಗುವುದಿಲ್ಲ. ಉತಾರದಲ್ಲಿ ಅದು ಎಂದೂ ಊರಾಗಿರಲಿಲ್ಲವಲ್ಲ, ಹಾಳಾಗುವುದು ಹೇಗೆ?

ಕಳೆದ ಎಳ್ಳಮಾಸಿಗೆ ಹೋಗಿದ್ದೆ. ಸಂಜೆ ಮಾಳಿಗೆ ಹತ್ತಿದೆ. ಮೆಟ್ಟಿಲ ಮೇಲೆ ಬೇವಿನ ಎಲೆಗಳ ರಾಶಿ. ಆಚೆ ವಸ್ತಿ ಕತ್ತಲು, ಅದರಾಚೆಯದೂ ಕತ್ತಲು. ಇಳಿಯಬೇಕೆನ್ನುವಾಗ ಬೋರಿನ ಡಬ್ಬಿಯಲ್ಲಿ ಕೆಂಪು ದೀಪವೊಂದು ಹೊತ್ತಿಕೊಂಡಿತು. ಮೋಟಾರು ಗುರ್‍ರೆಂದಿತು, ಪೈಪಿನಿಂದ ನೀರು ಧುಮುಕತೊಡಗಿತು. "ಯಾರದು?" ಎಂದು ಕೂಗಿದೆ. ಉತ್ತರವಿಲ್ಲ. ಫೋನು ಮಾಡಿದರೆ, ವಿಜಯಪುರದ ಮನೆಯಲ್ಲಿ ಊಟಕ್ಕೆ ಕೂತ ಕಾಕಾನ ಮಗ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಹೇಳಿದ: "ನಾನ ಅಣ್ಣಾ. ಮೊಬೈಲಿನಾಗ ಚಾಲೂ ಮಾಡೀನಿ. ಅಲ್ಲೇ ಅದಿಯಲ್ಲ, ನೀರ ಬಿತ್ತೇನ ನೋಡು."