ಕೈಗೆ ಕಿವಿಯಿಲ್ಲ

ನನ್ನ ಕಸುಬಿನ ಹೆಸರು ಹೇಳಿದರೆ ಹಳ್ಳಿಯ ಕಡೆಯ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ ಎಂದರೆ, "ಮಾಲೀಸು ಮಾಡೋರಾ?" ಎಂಬ ಪ್ರಶ್ನೆ ತಪ್ಪಿದ್ದಲ್ಲ. ರೋಗಿ ತಾನೇ ಉಣ್ಣುವಂತೆ, ತಾನೇ ಅಂಗಿ ತೊಡುವಂತೆ ಮಾಡುವ ವಿದ್ಯೆಯಿದು, 1950ರಲ್ಲೇ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಎಂಬಾಕೆ ಇದಕ್ಕೊಂದು ಶಾಲೆ ತೆರೆದರು, ಎಂದೆಲ್ಲ ವಿವರಿಸುವಷ್ಟರಲ್ಲಿ ಕೇಳಿದವರು ಬಸ್ಸು ಹತ್ತಿರುತ್ತಾರೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳು ನನ್ನ ತಿರುಗಾಟದ ಸೀಮೆ. ಒಂದು ಮನೆಗೆ ಮತ್ತೆ ಹೋಗುವುದು ಮೂರು ವಾರಕ್ಕೊಮ್ಮೆ. ಆದ್ದರಿಂದ ಮನೆಯವರಿಗೇ ಹೇಳಿಕೊಟ್ಟು ಬರುತ್ತಿದ್ದೆ. ಹೇಳುವುದರಲ್ಲಿ ನಾನು ಗಟ್ಟಿಗ.

ಹುಣಸೂರಿನ ಬಳಿಯ ಹಳ್ಳಿಯಲ್ಲಿ ಲಕ್ವ ಹೊಡೆದ ವೃದ್ಧೆಯೊಬ್ಬರಿದ್ದರು. ಮಗ ಹೊಗೆಸೊಪ್ಪಿನ ಬೆಳೆಗಾರ. "ಸೋತ ತೋಳು ಹಿಡಿದು ಎಳೆಯಬೇಡಿ. ಸ್ನಾಯುವಿಗೆ ಬಿಗಿಯಿಲ್ಲ, ಕೀಲು ಜಾರುತ್ತದೆ. ಹೆಗಲ ಹಿಂದಿನ ಚಪ್ಪಟೆ ಮೂಳೆಗೆ ಅಂಗೈ ಕೊಟ್ಟು ಎಬ್ಬಿಸಿ" ಎಂದು ಎರಡು ಬಾರಿ ಒತ್ತಿ ಹೇಳಿದೆ. ಆತ ಎರಡು ಬಾರಿಯೂ ತಲೆಯಾಡಿಸಿದ.

ಮೂರು ವಾರದ ಮೇಲೆ ಹೋದರೆ ಆಕೆ ಸೋತ ಕೈಯನ್ನು ಅವುಚಿಕೊಂಡು ಅಳುತ್ತಿದ್ದರು. ಹೆಗಲ ತುದಿಯಲ್ಲಿ ಬೆರಳು ಇಳಿಯುವಷ್ಟು ಹಳ್ಳ. ಮಗ ದಿನವೂ ಕೈಹಿಡಿದೇ ಎಬ್ಬಿಸಿದ್ದ, ಅದೂ ಪ್ರೀತಿಯಿಂದ.

"ಹೇಳಿರಲಿಲ್ಲವೇನಯ್ಯ?" ಎಂದು ರೇಗಿದೆ.

"ಹೇಳಿದ್ರಿ ಸಾ" ಎಂದ ಆತ ಮೆಲ್ಲಗೆ. "ಬ್ಯಾರನ್ನಲ್ಲಿ ಬೆಂದ ಸೊಪ್ಪು ತಂಪು ಕುಡಿದು ಮೆತ್ತಗಾಗೋ ಮುಂಚೆ ಮುಟ್ಟಿದ್ರೆ ಪುಡಿಯಾಯ್ತದೆ. ಹದ ಯಾವುದು ಅಂತ ನಮ್ಮಪ್ಪ ಹೇಳಲಿಲ್ಲ. ನನ್ನ ಕೈ ಹಿಡಿದು ಮುಟ್ಟಿಸ್ದ."

ನನ್ನ ಸಿಟ್ಟು ನಾಚಿಕೆಯಾಯಿತು. ಕೈಗೆ ಕಿವಿಯಿಲ್ಲ, ನಾನು ಕಿವಿಗೆ ಹೇಳಿ ಬಂದಿದ್ದೆ.

ಅಂದು ಆತನನ್ನೇ ಚಾಪೆಯ ಮೇಲೆ ಮಲಗಿಸಿದೆ. ತೋಳು ಹಿಡಿದು ಎಳೆದಾಗ ಮುಖ ಸಿಂಡರಿಸಿದ. ಬೆನ್ನಿಗೆ ಅಂಗೈ ಕೊಟ್ಟು ಎಬ್ಬಿಸಿದಾಗ ಸುಮ್ಮನೆ ನನ್ನನ್ನು ನೋಡಿದ. ಆಮೇಲೆ ಆತನ ಕೈ ತಾಯಿಯ ಬೆನ್ನ ಮೇಲೆ, ನನ್ನ ಕೈ ಆತನ ಕೈಯ ಮೇಲೆ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದು ಮಾತಿಲ್ಲದೆ ದಾಟಿತು.

ಈಗ ಕಲಿಸುವುದೇ ನನ್ನ ಮುಖ್ಯ ಕೆಲಸ. ಕೃಷ್ಣರಾಜನಗರದಲ್ಲಿ ನಾಟಿ ಹಾಕುವ ಹೆಂಗಸರು, ಕೋಟೆಯ ಕಡೆ ಹತ್ತಿ ಬಿಡಿಸುವವರು, ಕೂಸಿಗೆ ಎಣ್ಣೆ ನೀವಿದ ಅಜ್ಜಿಯರು, ಇವರ ಕೈಗಳಿಗೆ ಅರ್ಧ ವಿದ್ಯೆ ಮೊದಲೇ ಬಂದಿರುತ್ತದೆ. ನನ್ನ ಪಾಠದಲ್ಲಿ ಮೊದಲು ಎಲ್ಲರೂ ರೋಗಿಗಳಾಗಬೇಕು. ಮಾತು ಆಮೇಲೆ, ಬೇಕಿದ್ದರೆ.

ಆ ತಾಯಿಯ ನೋವು ನಿಧಾನವಾಗಿ ಇಳಿಯಿತು. ಹೆಗಲ ಹಳ್ಳ ಮಾತ್ರ ಪೂರ್ತಿ ಮುಚ್ಚಲಿಲ್ಲ. ಕಲಿಸಲು ಕೈ ಚಾಚಿದಾಗಲೆಲ್ಲ ನನ್ನ ಬೆರಳಿಗೆ ಮೊದಲು ನೆನಪಾಗುವುದು ಅದೇ.