ಶೋಕೇಸಿನ ಶೇಕ್ಸ್‌ಪಿಯರ್

ಎತ್ತರ ಸುಮಾರು ಒಂದು ಅಡಿ. ಕಾಲಿಗೆ ಕಾಲು ಅಡ್ಡ ಹಾಕಿ, ಪುಸ್ತಕಗಳ ರಾಶಿಯ ಮೇಲೆ ಮೊಣಕೈ ಊರಿ, ಏನೋ ಯೋಚನೆ ಮಾಡ್ತಾ ನಿಂತಿದ್ದಾನೆ. ಇನ್ನೊಂದು ಕೈಯ ಬೆರಳು ಕೆಳಗೆ ಇಳಿಬಿಟ್ಟ ಕಾಗದದ ಸುರುಳಿಯನ್ನು ತೋರಿಸ್ತಿದೆ. ಇದು ಇಂಗ್ಲೆಂಡಿನ ಡರ್ಬಿ ಊರಿನ ಕಾರ್ಖಾನೆಯಲ್ಲಿ 18ನೇ ಶತಮಾನದಲ್ಲಿ ತಯಾರಾದ ಪಿಂಗಾಣಿ ಶೇಕ್ಸ್‌ಪಿಯರ್. ಸೆರಾಮಿಕ್ಸ್ ಬಗ್ಗೆ ಸೆಮಿನಾರ್‌ಗೆ ಪಿಪಿಟಿ ಮಾಡುವಾಗ ಇದರ ಫೋಟೋ ಸಿಕ್ಕಿತು.

ಮೊದಲು ಇದನ್ನ ಮಾಡೋ ವಿಧಾನ ಹೇಳ್ತೀನಿ, ನಮ್ಮ ಬ್ರಾಂಚಿನವರಿಗೆ ಇಷ್ಟ ಆಗುತ್ತೆ. ಮೆಟಲ್ ಕಾಸ್ಟಿಂಗ್‌ನಲ್ಲಿ ಕರಗಿದ ಲೋಹ ತಣ್ಣಗಾಗಿ ಗಟ್ಟಿಯಾಗುತ್ತೆ ಅಲ್ವಾ? ಇಲ್ಲಿ ಹಾಗಲ್ಲ. ಜೇಡಿಯನ್ನು ನೀರಲ್ಲಿ ಕಲಸಿ ಮಜ್ಜಿಗೆಯ ಹಾಗೆ ಮಾಡಿ ಪ್ಲಾಸ್ಟರ್ ಅಚ್ಚಿಗೆ ಸುರೀತಾರೆ. ಪ್ಲಾಸ್ಟರ್ ನೀರು ಹೀರಿಕೊಳ್ಳುತ್ತೆ, ಅಚ್ಚಿನ ಗೋಡೆಗೆ ಜೇಡಿಯ ಪದರ ಕಟ್ಟುತ್ತೆ. ಉಳಿದದ್ದನ್ನ ಹೊರಗೆ ಚೆಲ್ಲಿದರೆ ಒಳಗೆ ಟೊಳ್ಳಾದ ಬೊಂಬೆ ಸಿಗುತ್ತೆ. ಕೈ, ತಲೆ ಇತ್ಯಾದಿ ಬೇರೆ ಬೇರೆ ಎರಕ ಹೊಯ್ದು ಅದೇ ಜೇಡಿಯಿಂದ ಅಂಟಿಸ್ತಾರೆ. ಆಮೇಲೆ ಗೂಡಿನಲ್ಲಿ ಸುಡೋದು, ಗ್ಲೇಜ್ ಹಾಕಿ ಮತ್ತೆ ಸುಡೋದು, ಬಣ್ಣ ಬಳಿದು ಕಡಿಮೆ ಶಾಖದಲ್ಲಿ ಇನ್ನೊಮ್ಮೆ ಸುಡೋದು. ಗೂಡಿನಲ್ಲಿ ನೆಲಕ್ಕೆ ಅಂಟದಿರಲಿ ಅಂತ ಬೊಂಬೆಯ ಕೆಳಗೆ ಜೇಡಿಯ ಉಂಡೆಗಳನ್ನ ಇಡ್ತಿದ್ದರು. ಅದರ ಕಪ್ಪು ಗುರುತು ತಳದಲ್ಲಿ ಇವತ್ತಿಗೂ ಕಾಣುತ್ತೆ. ಡರ್ಬಿಯದ್ದು ಹೌದೋ ಅಲ್ಲವೋ ಅಂತ ತಿಳಿದವರು ಮೊದಲು ತಿರುಗಿಸಿ ನೋಡೋದು ಆ ಗುರುತನ್ನೇ.

ಆದರೆ ಈ ಬೊಂಬೆ ಶೇಕ್ಸ್‌ಪಿಯರ್‌ನನ್ನು ನೋಡಿ ಮಾಡಿದ್ದಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ 1741ರಲ್ಲಿ ನಿಲ್ಲಿಸಿದ ಅಮೃತಶಿಲೆಯ ಸ್ಮಾರಕವನ್ನು ನೋಡಿ ಮಾಡಿದ್ದು. ಅದರ ವಿನ್ಯಾಸ ವಿಲಿಯಂ ಕೆಂಟ್, ಕೆತ್ತಿದ್ದು ಪೀಟರ್ ಶೀಮೇಕರ್ಸ್. ಅಷ್ಟು ಹೊತ್ತಿಗೆ ಕವಿ ಸತ್ತು 125 ವರ್ಷ ಆಗಿತ್ತು. ಅಂದರೆ ಕವಿಯ ಮುಖ ನೋಡದವರು ಕೆತ್ತಿದ ಕಲ್ಲಿನ ಕಾಪಿ, ಶ್ರೀಮಂತರ ಮನೆಯ ಫೈರ್‌ಪ್ಲೇಸ್ ಮೇಲೆ ಇಡೋಕೆ.

ಆ ಸ್ಮಾರಕದ ಎರಡು ವಿಷಯ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಒಂದು, ಕವಿ ಮೊಣಕೈ ಊರಿರುವ ಪುಸ್ತಕಗಳ ಮೇಲೆ ಹೆಸರೇ ಇಲ್ಲ. ಎರಡು, ಬೆರಳು ತೋರಿಸೋ ಸುರುಳಿಯಲ್ಲಿರೋದು 'ದಿ ಟೆಂಪೆಸ್ಟ್' ನಾಟಕದ ಸಾಲುಗಳು. ಗೋಪುರ, ಅರಮನೆ, ಗುಡಿ, ಕೊನೆಗೆ ಈ ಭೂಮಿಯೇ ಕರಗಿ ಹೋಗುತ್ತೆ ಅನ್ನೋ ಮಾತು ಅದು. ಕೈ ಜಾರಿದರೆ ಚೂರಾಗುವ ಪಿಂಗಾಣಿಯೂ ಅಂಥದೇ ಸುರುಳಿಯತ್ತ ಬೆರಳು ಮಾಡಿ ನಿಂತಿದೆ.

ಅದೇ ಟೆಂಪೆಸ್ಟ್ ನಮ್ಮನೆಯಲ್ಲೂ ಇತ್ತು, ಬೇರೆ ಹೆಸರಲ್ಲಿ. ಕುವೆಂಪು ಅದನ್ನು 1930ರಲ್ಲಿ 'ಬಿರುಗಾಳಿ' ಅಂತ ಕನ್ನಡಕ್ಕೆ ತಂದರು. ಆ ಪುಸ್ತಕ ಅಜ್ಜಿಯ ಗಾಜಿನ ಬೀರುವಿನಲ್ಲಿದೆ. ಅಜ್ಜಿ ಓದಿದ್ದು ಏಳನೇ ಕ್ಲಾಸು, ಆದರೆ ಆ ಬೀರುವಿನ ಪುಸ್ತಕಗಳನ್ನೆಲ್ಲ ಒಂದಲ್ಲ ಎರಡು ಸಲ ಓದಿದ್ದಾರೆ. ಈಗ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣಿಸಲ್ಲ. ಅಪ್ಪ ಅಮ್ಮನಿಗೆ ಪುರುಸೊತ್ತಿಲ್ಲ. ನಾನೂ ನನ್ನ ಕಸಿನ್ಸೂ ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡ ಥರ್ಡ್ ಲ್ಯಾಂಗ್ವೇಜ್. ಬೋರ್ಡು ಓದೋಕೆ ಬರುತ್ತೆ, ಪುಟಗಟ್ಟಲೆ ಓದೋಕೆ ಉಸಿರು ಕಟ್ಟುತ್ತೆ.

ಅಂದರೆ ಅಜ್ಜಿಯ ನಂತರ ಆ ಬೀರು ಏನಾಗುತ್ತೆ? ಯಾರೂ ಬಿಸಾಕಲ್ಲ, ಅದು ಗ್ಯಾರಂಟಿ. ಧೂಳು ಒರೆಸಿ, ಗಾಜು ಹಾಕಿ, ಜೋಪಾನವಾಗಿ ಇಟ್ಟಿರ್ತೀವಿ, ಆ ಬೊಂಬೆಯನ್ನು ಇಟ್ಟ ಹಾಗೆ. ಓದೋರು ಇಲ್ಲದ ಮನೆಯಲ್ಲಿ ಎಲ್ಲಾ ಪುಸ್ತಕಗಳೂ ಹೆಸರಿಲ್ಲದ ಪುಸ್ತಕಗಳೇ. ಇದು ಯೋಚಿಸಿದಾಗ ನನಗೆ ನಿಜವಾಗ್ಲೂ ಭಯ ಆಯ್ತು.

ದಸರಾ ರಜೆಯಲ್ಲಿ "ಅಜ್ಜೀ, ನಾನು ಓದ್ತೀನಿ, ನೀವು ಕೇಳಿ" ಅಂದೆ. ಮೊದಲ ದಿನ ಮೂರು ಪುಟಕ್ಕೆ ಒಂದು ಗಂಟೆ. ಒತ್ತಕ್ಷರ ಬಂದ ಕಡೆ ಬಸ್ಸು ಹಂಪ್ ಹತ್ತಿದ ಹಾಗೆ ನಿಲ್ತಿದ್ದೆ. ಅಜ್ಜಿ ನಗಲಿಲ್ಲ. "ನಿಧಾನ ಪುಟ್ಟಾ, ಆ ಮಾತು ಹಾಗಲ್ಲ, ಜೋರಾಗಿ ಬರಬೇಕು" ಅಂತ ತಾವೇ ಕಣ್ಣು ಮುಚ್ಚಿ ಹೇಳಿ ತೋರಿಸ್ತಿದ್ದರು. ಕಣ್ಣಿಗೆ ಕಾಣದ ಪುಟ ಅವರ ಬಾಯಲ್ಲಿತ್ತು. ನಾನು ಸ್ಕೂಲಲ್ಲಿ ಶೇಕ್ಸ್‌ಪಿಯರ್ ಓದಿದ್ದು ಐದು ಮಾರ್ಕಿನ ಉತ್ತರಕ್ಕೆ. ಅವನ ಕಥೆಯಲ್ಲಿ ಮುಂದೇನಾಗುತ್ತೆ ಅಂತ ಕಾದು ಕೂತಿದ್ದು ಮಾತ್ರ ಕನ್ನಡದಲ್ಲಿ, ಅದೇ ಮೊದಲ ಸಲ.

ಬಿರುಗಾಳಿ ಮುಗೀತು. ಈಗ 'ರಕ್ತಾಕ್ಷಿ' ನಡೀತಿದೆ. ಇದರಲ್ಲಿ ಹ್ಯಾಮ್ಲೆಟ್ ಕಥೆ ಡೆನ್ಮಾರ್ಕ್ ಬಿಟ್ಟು ನಮ್ಮ ಬಿದನೂರಿಗೆ ಬಂದಿದೆ. ರಾತ್ರಿ ಊಟ ಆದ ಮೇಲೆ ಹಾಸ್ಟೆಲ್‌ನಿಂದ ಫೋನ್ ಮಾಡಿ ದಿನಕ್ಕೆ ನಾಲ್ಕು ಪುಟ ಓದ್ತೀನಿ. ನನ್ನ ರೂಂಮೇಟ್ ಪಾಟ್ನಾದವನು, ಕನ್ನಡ ಒಂದಕ್ಷರ ಬರಲ್ಲ. ಆದರೂ ಫೋನ್ ಇಟ್ಟ ತಕ್ಷಣ ಇಯರ್‌ಫೋನ್ ತೆಗೆದು ಕೇಳ್ತಾನೆ, ಇವತ್ತು ಯಾರು ಸತ್ತರು ಅಂತ.