ದಾದಾ ನಡೆದ ದಾರಿ

1970ರ ಸುಮಾರಿಗೆ ನಮ್ಮ ದಾದಾ ನವಿಲುತೀರ್ಥದ ಅಣೆಕಟ್ಟಿನ ಕೂಲಿಗೆ ಮುನವಳ್ಳಿಯಿಂದ ದಿನಾಲೂ ನಡೆದೇ ಹೋಗುತ್ತಿದ್ದರು. ಈಗ ಹಾಸಿಗೆ ಹಿಡಿದಿದ್ದಾರೆ. "ಒಮ್ಮೆ ನಡೆದು ಹೋಗಿ ನೋಡಿ ಬಾ" ಎಂದು ಹೇಳುತ್ತಲೇ ಇದ್ದರು. ನಾನು "ಅಕೌಂಟೆನ್ಸಿ ಟೆಸ್ಟ್ ಇದೆ, ನಾಳೆ" ಎನ್ನುತ್ತಿದ್ದೆ.

ಕಳೆದ ಬನದ ಹುಣ್ಣಿಮೆಯ ಹಿಂದಿನ ದಿನ ಫಜರ್ ನಮಾಜ್ ಮುಗಿಸಿ ಹೊರಟೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಆದರೂ ಥಂಡಿ ಗಾಳಿಗೆ ಕಿವಿ ಮರಗಟ್ಟಿದವು. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಯವರು ಬೆಂಕಿ ಹಾಕಿಕೊಂಡು ಕುಳಿತಿದ್ದರು. "ಬಾ ತಮ್ಮಾ, ಕುಂದರು" ಎಂದು ಚಹಾ ಕೊಟ್ಟರು. ಮುಂದೆ ಎರಡು ಗುಡ್ಡಗಳ ನಡುವೆ ಮಲಪ್ರಭೆಯನ್ನು ತಡೆದ ಗೋಡೆ, ಅದರಾಚೆ ರೇಣುಕಾ ಸಾಗರ.

ಮನೆಗೆ ಬಂದಾಗ ದಾದಾ ಕೇಳಿದ್ದು ಒಂದೇ: "ಪಾನಿ ಕಿತ್ತಾ ಹೈ?"

"ಭೋತ್ ಹೈ, ದಾದಾ."

ಕಣ್ಣು ಮುಚ್ಚಿ ನಕ್ಕರು. ನನ್ನ ಕಾಲು ನೋಯುತ್ತಿದ್ದವು. ಇಷ್ಟು ದಿನ "ನಾಳೆ" ಎಂದದ್ದು ಅದಕ್ಕಿಂತ ಹೆಚ್ಚು ನೋಯಿತು.